ಮೂರಿಂಚು ಹಿಂದೆ ಸರಿಯಬೇಕೆಂದು ಕೊಕ್ಕೆ ಕಪಾಟಿನವರಲ್ಲಿ ಒಂದು ವಿನಂತಿ

ಮಾನ್ಯ ಕೊಕ್ಕೆ ಕಪಾಟಿನವರೇ,

ನಮ್ಮ ಮನೆಯ ಗ್ಯಾರೇಜಿನ ಎಡಗೋಡೆಯಲ್ಲಿ, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಎಂಟು ಬೋಲ್ಟುಗಳ ಮೇಲೆ ವಿರಾಜಮಾನರಾಗಿರುವ ತಮಗೆ, ಅದೇ ಮನೆಯ ಕಿರಿಯ ಸೊಸೆಯೂ ಹಿತ್ತಲಿನ ಇನ್ನೂರ ನಲವತ್ತು ಹೂಕುಂಡಗಳ ಒಡತಿಯೂ ಆದ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವೇ ಇಲ್ಲ, ಏಕೆಂದರೆ ದಿನಕ್ಕೆರಡು ಬಾರಿ ನನ್ನ ಮೊಣಕಾಲು ತಮ್ಮ ಕೆಳಹಲಗೆಯ ಅಂಚಿಗೆ ಬಡಿದು ತಾವು ಗಟ್ಟಿಯಾಗಿರುವುದನ್ನು ಖಾತ್ರಿ ಮಾಡಿಕೊಳ್ಳುತ್ತಿದೆ. ಈ ಪತ್ರವನ್ನು ಗುಟ್ಟಾಗಿಯೇ ಬರೆದು ತಮ್ಮ ಮೇಲ್ಹಲಗೆಯಲ್ಲಿ ಇಟ್ಟು ಬರಬಹುದಿತ್ತು. ಆದರೆ ತಮ್ಮ ನಿರ್ಮಾಣದ ಕೀರ್ತಿಯನ್ನು ನಮ್ಮವರು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸಾರಿರುವುದರಿಂದ, ದೂರು ಕೂಡ ಬೀದಿಗೆ ತಿಳಿಯುವುದೇ ನ್ಯಾಯ ಎಂದು ತೋರಿತು.

ತಾವು ಅವತರಿಸುವುದಕ್ಕೆ ಮೊದಲು ಈ ಮನೆಯಲ್ಲಿ ಒಂದು ನೀಲಿ ಬಕೆಟ್ಟು ಇತ್ತೆಂಬುದನ್ನು ತಮಗೆ ಯಾರೂ ಹೇಳಿರಲಾರರು. ಹಿಡಿಕೆ ಒಂದು ಕಡೆ ಕಿತ್ತುಹೋಗಿ ತಂತಿ ಕಟ್ಟಿಸಿಕೊಂಡಿದ್ದ ಬಡಪಾಯಿ ಅದು. ಕಾರಿನ ಹಿಂದೆ ಟ್ರೇಲರನ್ನು ಸಿಕ್ಕಿಸುವ ಗುಂಡುತಲೆಯ ಕೊಕ್ಕೆ, ಅದು ಜಾರದಂತೆ ಹಿಡಿಯುವ ಪಿನ್ನು, ಎರಡು ಸರಪಳಿ, ಹಿಂದಿನ ದೀಪಗಳಿಗೆ ಕರೆಂಟು ಕೊಡುವ ವೈರು, ಒಂದು ಬೀಗ, ಇಷ್ಟನ್ನೂ ಹನ್ನೊಂದು ವರ್ಷ ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಯ ಹಿಂಬಾಗಿಲ ಮರೆಯಲ್ಲಿ ತೆಪ್ಪಗೆ ಕೂತಿತ್ತು. ಗಿಡಗಳನ್ನು ಟ್ರೇಲರಿಗೆ ತುಂಬಿ ಸಂತೆಗೆ ಹೊರಡುವ ದಿನ ನಾನು ಬಕೆಟ್ಟನ್ನು ಎತ್ತಿಕೊಂಡು ಹೋಗುತ್ತಿದ್ದೆ, ಬಂದ ಮೇಲೆ ಮತ್ತೆ ಅಲ್ಲೇ ಇಡುತ್ತಿದ್ದೆ. ಅಷ್ಟೇ. ಇದು ಅಶಿಸ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಗೊತ್ತುಮಾಡಿಕೊಟ್ಟವರು ನಮ್ಮವರು. ಅವರು ಅಂಚೆ ವಿಂಗಡಿಸುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿರುವುದರಿಂದ, ಜಗತ್ತಿನ ಪ್ರತಿಯೊಂದು ವಸ್ತುವಿಗೂ ಒಂದು ಗೂಡು, ಗೂಡಿಗೊಂದು ಚೀಟಿ ಇರಬೇಕೆಂದು ಪ್ರಾಮಾಣಿಕವಾಗಿ ನಂಬಿದವರು. ಅವರಿಗೆ ಜೊತೆಯಾದವರು ಪಕ್ಕದ ಬೀದಿಯ ನಮ್ಮ ಭಾವನವರು, ಅಂದರೆ ಇವರ ಅಣ್ಣ. ಭಾವನವರು ವಾಹನ ಚಾಲನೆ ಕಲಿಸುವ ಶಾಲೆಯಲ್ಲಿ ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕುಳಿತು ಹೇಳಿಕೊಟ್ಟವರಾದ್ದರಿಂದ ಮರಗೆಲಸದಲ್ಲೂ ಪಕ್ಕದಲ್ಲಿ ಕುಳಿತೇ ಹೇಳಿಕೊಡುತ್ತಾರೆ. ಇಬ್ಬರೂ ಸೇರಿ ಏಳು ಭಾನುವಾರ, ಹದಿನಾಲ್ಕು ಫ್ಲಾಸ್ಕು ಚಹಾ ಮತ್ತು ನನ್ನ ಒಂದು ಒಳ್ಳೆಯ ಮೇಜುಬಟ್ಟೆಯನ್ನು ಧಾರೆಯೆರೆದು ತಮ್ಮನ್ನು ಲೋಕಕ್ಕೆ ತಂದರು. ಗುಜರಿಯಿಂದ ತಂದ ಚೌಕದ ಕಬ್ಬಿಣದ ಕೊಳವೆಯನ್ನು ತುಂಡುಮಾಡಿ, ಗೋಡೆಯ ಪಟ್ಟಿಗೆ ಬೆಸೆದು, ಕಾರಿನ ಹಿಂಬದಿಯಲ್ಲಿ ಹೇಗೋ ಹಾಗೆಯೇ ಕೊಕ್ಕೆಯನ್ನು ತಮ್ಮೊಳಗೂ ತೂರಿಸಿ ಪಿನ್ನು ಹಾಕುವಂತೆ ಮಾಡಿದ್ದು ನಿಜವಾಗಿಯೂ ಜಾಣತನ. ಇದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಆದರೆ ತಮ್ಮಲ್ಲಿ ಕೊಳವೆಗಳು ಆರು, ಮನೆಯಲ್ಲಿದ್ದ ಕೊಕ್ಕೆ ಒಂದು. ಖಾಲಿ ಗೂಡನ್ನು ಕಂಡರೆ ನಮ್ಮವರಿಗೆ ಊಟ ಸೇರುವುದಿಲ್ಲ. ಹಾಗಾಗಿ ನಮ್ಮ ಕಾರಿಗೆ ಕೂರದ ದಪ್ಪ ಕೊಕ್ಕೆಯೊಂದು ಬಂತು, ನಮ್ಮಲ್ಲಿ ಇಲ್ಲದ ದೋಣಿಯನ್ನು ಎಳೆಯಲು ಬೇಕಾಗುವ ತಗ್ಗಿನ ಕೊಕ್ಕೆ ಬಂತು, ಗುಂಡುತಲೆಯ ಕೊಕ್ಕೆಗಳು ಇನ್ನೂ ಎರಡು ಅಳತೆಯಲ್ಲಿ ಬಂದವು, ಕೊನೆಗೆ ಆರನೆಯ ಕೊಳವೆಗೆ ಏನೂ ಸಿಗದೆ ಮುರಿದ ಛತ್ರಿಯೊಂದನ್ನು ತೂರಿಸಿ ‘ತಾತ್ಕಾಲಿಕ’ ಎಂದು ಚೀಟಿ ಅಂಟಿಸಲಾಯಿತು. ಒಂದು ಬಕೆಟ್ಟಿನಲ್ಲಿ ಹಿಡಿಯುತ್ತಿದ್ದ ಸಾಮಾನನ್ನು ಒಂದಿಡೀ ಗೋಡೆಗೆ ಹಿಗ್ಗಿಸಿದ ತಮ್ಮ ಸಾಮರ್ಥ್ಯಕ್ಕೆ ತಲೆಬಾಗುತ್ತೇನೆ.

ಇನ್ನು ತಮ್ಮ ಅಳತೆಯ ವಿಚಾರ. ಈ ಮನೆಯಲ್ಲಿ ಏನನ್ನು ಅಳೆಯುವುದಿದ್ದರೂ ತೀರಿಹೋದ ನಮ್ಮ ಮಾವನವರ ಉಕ್ಕಿನ ಟೇಪಿನಲ್ಲೇ ಅಳೆಯಬೇಕು. ಮಾವ ಹೆಸರುವಾಸಿ ಬಡಗಿಯಾಗಿದ್ದವರು. ಆ ಟೇಪಿನ ಮೊದಲ ಮೂರಿಂಚು ಮುರಿದುಹೋಗಿ, ಅದು ಶುರುವಾಗುವುದೇ ಮೂರರಿಂದ. ಹೊಸದೊಂದನ್ನು ತರೋಣ ಎಂದು ಮದುವೆಯಾದ ಹೊಸದರಲ್ಲಿ ಬಾಯಿತಪ್ಪಿ ಹೇಳಿ, ಎರಡು ದಿನ ಅಣ್ಣತಮ್ಮಂದಿರ ಮೌನವನ್ನು ಉಂಡವಳು ನಾನು. ಅಪ್ಪನ ಟೇಪಿನಲ್ಲಿ ಮೂರು ಸೇರಿಸಿ ಗುರುತು ಹಾಕುವುದು ಈ ವಂಶದಲ್ಲಿ ಹುಟ್ಟಿದವರಿಗೆ ಮಾತ್ರ ಒಲಿಯುವ ವಿದ್ಯೆ ಎಂಬುದು ಅವರಿಬ್ಬರ ಹೆಮ್ಮೆ. ತಮ್ಮ ಕೆಳಹಲಗೆ ಗೋಡೆಯಿಂದ ಹದಿನೈದಿಂಚು ಮುಂದೆ ಚಾಚಬೇಕಿತ್ತು, ಎಂದರೆ ಆ ಟೇಪಿನ ಹದಿನೆಂಟರಲ್ಲಿ ಗೆರೆ ಬೀಳಬೇಕಿತ್ತು. ಭಾವನವರು ಮೂರನ್ನು ಮನಸ್ಸಿನಲ್ಲೇ ಕೂಡಿಸಿ ಹದಿನೆಂಟು ಎಂದು ಕೂಗಿದರು. ಅಣ್ಣ ಹೇಳಿದ್ದು ಬರಿಯ ಅಳತೆ ಎಂದುಕೊಂಡ ನಮ್ಮವರು ವಿದ್ಯೆಗೆ ಚ್ಯುತಿ ಬರಬಾರದೆಂದು ತಾವೂ ಮೂರು ಕೂಡಿಸಿ ಇಪ್ಪತ್ತೊಂದರಲ್ಲಿ ಗೆರೆ ಎಳೆದರು. ಹೀಗೆ ತಮಗೆ ಇಬ್ಬರ ಆಶೀರ್ವಾದವೂ ಸಿಕ್ಕಿ ತಾವು ಮೂರಿಂಚು ಹೆಚ್ಚಾಗಿಯೇ ಬೆಳೆದಿರಿ.

ಬೆಳೆದರೆ ಬೆಳೆಯಲಿ ಎನ್ನಬಹುದಿತ್ತು. ಆದರೆ ತಮ್ಮ ನಿರ್ಮಾಣದ ಅಷ್ಟೂ ಕಾಲ ಟ್ರೇಲರು ಗ್ಯಾರೇಜಿನ ಒಳಮೂಲೆಯಲ್ಲಿ ನಿಂತು, ಹಲಗೆ ಕೊಯ್ಯುವ ಮೇಜಾಗಿ ಅವರ ಸೇವೆ ಮಾಡುತ್ತಿತ್ತು. ಅದು ಹೊರಗೆ ಬರುವ ದಾರಿಯಲ್ಲಿ ಆಚೆ ಬದಿಗೆ ಮೆಟ್ಟಿಲಿನ ಗೋಡೆ, ಈಚೆ ಬದಿಗೆ ತಾವು. ಟ್ರೇಲರಿನ ಸಾಮಾನನ್ನು ಇಡಲೆಂದು ಹುಟ್ಟಿದ ತಾವು, ಟ್ರೇಲರೇ ಹೊರಬರದಂತೆ ಅದನ್ನು ಒಳಗೆ ಕೂಡಿಹಾಕಿದಿರಿ. ಕರ್ತವ್ಯವನ್ನು ಮೀರಿದ ಇಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದು ಬೆಳಕಿಗೆ ಬಂದದ್ದು ಹೋದ ಶನಿವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆ ಎಂಟಕ್ಕೆ ಗಿಡಗಳ ದೊಡ್ಡ ಪ್ರದರ್ಶನವಿತ್ತು. ಅದರಲ್ಲಿ ಒಂದು ಮಳಿಗೆಗಾಗಿ ನಾನು ಮೂರು ವರ್ಷ ಅರ್ಜಿ ಹಾಕಿ, ಪಟ್ಟಿಯಲ್ಲಿ ಕಾದು, ಈ ವರ್ಷ ಮೂಲೆಯ ಜಾಗ ಪಡೆದಿದ್ದೆ. ಎರಡು ಕಡೆಯಿಂದಲೂ ಜನ ಬರುವ ಮೂಲೆ, ಹನ್ನೆರಡು ಅಡಿಯ ಮೇಜು. ಒಂದೊಂದು ಕುಂಡವನ್ನೂ ಒರೆಸಿ, ಕಳ್ಳಿಗಿಡಗಳ ಬುಡಕ್ಕೆ ಬಿಳಿಕಲ್ಲು ಹಾಕಿ, ಗಿಡ ಬೇಡುವ ನೀರೆಷ್ಟು, ಬಿಸಿಲೆಷ್ಟು ಎಂದು ನನ್ನ ಕೈಬರಹದಲ್ಲಿ ಚೀಟಿ ಬರೆದಿದ್ದೆ. ಚೀಟಿ ಅಂಟಿಸುವ ರೋಗ ನನಗೂ ಸ್ವಲ್ಪ ತಗುಲಿದೆ, ಅದನ್ನು ಮುಚ್ಚಿಡುವುದಿಲ್ಲ. ಟ್ರೇಲರನ್ನು ಎಳೆದೆವು. ಅದರ ಚಕ್ರದ ಮೇಲಿನ ತಗಡು ತಮ್ಮ ಕೆಳಹಲಗೆಗೆ ತಾಗಿ ನಿಂತಿತು.

ತಮ್ಮನ್ನು ಬಿಚ್ಚೋಣವೆಂದರೆ, ಕಳ್ಳರು ಬಿಚ್ಚಿಕೊಂಡು ಹೋಗಬಾರದೆಂದು ಎಂಟೂ ಬೋಲ್ಟುಗಳ ತಲೆಯನ್ನು ಅರೆದು ನುಣ್ಣಗೆ ಮಾಡಲಾಗಿದೆ. ಹಾಗಿದ್ದರೆ ಹಲಗೆಯ ಅಂಚನ್ನು ಕೊಯ್ಯಿರಿ ಎಂದೆ. ಅಪ್ಪನ ಅಳತೆಯಲ್ಲಿ ಮಾಡಿದ್ದಕ್ಕೆ ಗರಗಸ ಹಾಕುವುದೆಂದರೆ ಅಪ್ಪನ ಕಾಲಿಗೇ ಹಾಕಿದಂತೆ ಎಂಬ ಮುಖ ಮಾಡಿಕೊಂಡು ಇಬ್ಬರೂ ನನ್ನನ್ನು ನೋಡಿದರು. ತಪ್ಪೇನಿದ್ದರೂ ಟ್ರೇಲರಿನದು, ತಯಾರಿಸಿದವರು ಅದನ್ನು ಅಗಲ ಮಾಡಿಬಿಟ್ಟಿದ್ದಾರೆ ಎಂದು ಭಾವನವರು ತೀರ್ಪು ಕೊಟ್ಟರು. ಆಮೇಲೆ ಟ್ರೇಲರನ್ನು ಕಿರಿದು ಮಾಡುವ ಕೆಲಸ ಶುರುವಾಯಿತು. ತಗಡನ್ನು ಬಿಚ್ಚಿದರು, ಚಕ್ರ ಅಡ್ಡ ಬಂತು. ಚಕ್ರವನ್ನು ಬಿಚ್ಚಿದರು, ಟ್ರೇಲರು ಒಂದು ಮಗ್ಗುಲಿಗೆ ಕುಸಿದು ಕೂತು ಮತ್ತೆ ಏಳಲಿಲ್ಲ. ಚಕ್ರದ ನಟ್ಟುಗಳನ್ನು ಮಾತ್ರ ತಮ್ಮ ಒಂದು ಗೂಡಿನಲ್ಲಿ ಅಚ್ಚುಕಟ್ಟಾಗಿ ಇಟ್ಟು ಚೀಟಿ ಅಂಟಿಸಿದರು.

ಭಾನುವಾರ ನಾನು ಕಾರಿನ ಹಿಂದಿನ ಸೀಟಿನಲ್ಲಿ, ಡಿಕ್ಕಿಯಲ್ಲಿ, ನನ್ನ ತೊಡೆಯ ಮೇಲೆ ಎಂದು ಹೇಗೋ ಮೂವತ್ತೆಂಟು ಕುಂಡಗಳನ್ನು ತುರುಕಿಕೊಂಡು ಹೋದೆ. ಎರಡನೆಯ ಸಲ ಬರೋಣವೆಂದರೆ ಎಂಟರ ಮೇಲೆ ಒಳಗೆ ವಾಹನ ಬಿಡುವುದಿಲ್ಲ. ಹತ್ತು ಗಂಟೆಗೆಲ್ಲ ಮೂವತ್ತೆಂಟೂ ಖರ್ಚಾದವು. ಅಲ್ಲಿಂದ ಸಂಜೆ ಐದರವರೆಗೆ ಆ ಒಳ್ಳೆಯ ಮೂಲೆಯಲ್ಲಿ, ಹನ್ನೆರಡು ಅಡಿ ಖಾಲಿ ಮೇಜಿನ ಹಿಂದೆ, ಕೈಕಟ್ಟಿಕೊಂಡು ನಿಂತಿದ್ದೆ. ಬಂದಬಂದವರೆಲ್ಲ ಇಲ್ಲಿ ಏನು ಮಾರುತ್ತೀರಿ ಎಂದು ಕೇಳಿದರು. ಪಕ್ಕದ ಮಳಿಗೆಯವರು ಪಾಪ ಎಂದು ತಮ್ಮದೇ ಎರಡು ಕುಂಡ ತಂದು ನನ್ನ ಮೇಜಿನ ಮೇಲಿಟ್ಟರು, ಆಗ ನನಗೆ ಅಳು ಬಂತು. ಹೊರಡುವಾಗ ಪ್ರದರ್ಶನದ ಮೇಲ್ವಿಚಾರಕಿ ಬಂದು, ಜಾಗ ಬಳಸಿಕೊಳ್ಳದವರ ಹೆಸರು ಪಟ್ಟಿಯ ಕೊನೆಗೆ ಹೋಗುವುದು ನಿಯಮವೆಂದು ತುಂಬ ಮೆದುವಾಗಿ ತಿಳಿಸಿದರು. ನಾನೀಗ ಅರವತ್ತಮೂರನೆಯವಳು.

ಸಂಜೆ ಮನೆಗೆ ಬಂದಾಗ ಅಣ್ಣತಮ್ಮಂದಿರು ಅಡುಗೆಮನೆಯಲ್ಲಿ ಕುಳಿತು, ಹುರುಳಿಕಾಯಿ ಬಿಡಿಸುತ್ತಿದ್ದ ನಮ್ಮ ಅತ್ತೆಯ ಮುಂದೆ ಟೇಪನ್ನು ಉದ್ದಕ್ಕೂ ಎಳೆದು, ಅಪ್ಪನ ಅಳತೆ ಎಂದಾದರೂ ತಪ್ಪೀತೇ ಎಂದು ಸಾಕ್ಷಿ ಕೇಳುತ್ತಿದ್ದರು. ಸಾಮಾನ್ಯವಾಗಿ ಮಕ್ಕಳ ವಾದದಲ್ಲಿ ಬಾಯಿಹಾಕದ ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು, ನನ್ನ ಕೈಯಲ್ಲಿದ್ದ ಖಾಲಿ ಬುಟ್ಟಿಯನ್ನು ನೋಡಿದರು, ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

“ಆ ಟೇಪು ಮುರಿದಿದ್ದು ನಾನು ಕಣ್ರೋ. ಬಣ್ಣದ ಡಬ್ಬಿ ಮುಚ್ಚಳ ಮೀಟೋಕೆ ಹೋಗಿ ಪಟ್ ಅಂತ ಹೋಯ್ತು. ನಿಮ್ಮಪ್ಪ ಮಾರನೇ ದಿನವೇ ಹೊಸದು ತಂದ್ರು. ಅಳತೆ ತಪ್ಪೋ ಟೇಪು ಕೈಲಿ ಹಿಡಿಯೋಷ್ಟು ದಡ್ಡರಾಗಿದ್ರಾ ಅವರು? ಇದನ್ನ ನಿಮಗೆ ಆಟಕ್ಕೆ ಅಂತ ಕೊಟ್ಟಿದ್ದು.”

ಇದನ್ನು ಹೇಳಿ ಅವರು ಮತ್ತೆ ಹುರುಳಿಕಾಯಿ ಬಿಡಿಸತೊಡಗಿದರು. ನಮ್ಮವರು ಟೇಪನ್ನು ನಿಧಾನವಾಗಿ ಒಳಗೆ ಬಿಟ್ಟುಕೊಂಡರು. ಭಾವನವರಿಗೆ ತಕ್ಷಣ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅಷ್ಟು ಹೊತ್ತು ಎದೆಯಲ್ಲಿ ಕುದಿಯುತ್ತಿದ್ದ ನನಗೆ ಅವರಿಬ್ಬರ ಮುಖ ನೋಡಿ ಒಂದು ಗಳಿಗೆ ಅಯ್ಯೋ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಹಿತ್ತಲಿನಲ್ಲಿ ಒರೆಸಿ ಸಾಲಾಗಿ ನಿಲ್ಲಿಸಿದ್ದ ಇನ್ನೂರ ಎರಡು ಕುಂಡಗಳು ಕಣ್ಣಿಗೆ ಬಿದ್ದವು, ಅನ್ನಿಸಿದ್ದು ಹೋಯಿತು.

ಆದಕಾರಣ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಾವು ದಯಮಾಡಿ, ಉಸಿರು ಒಳಗೆಳೆದುಕೊಂಡು, ಮೂರೇ ಮೂರಿಂಚು ಗೋಡೆಯೊಳಕ್ಕೆ ಸರಿಯಬೇಕು. ಅದು ತಮ್ಮ ಘನತೆಗೆ ಕುಂದು ಎನಿಸಿದರೆ ಗೋಡೆಯವರನ್ನೇ ಪಕ್ಕದ ಮನೆಯ ಕಡೆಗೆ ಮೂರಿಂಚು ಜರುಗುವಂತೆ ಒಪ್ಪಿಸಬೇಕು. ಅದೂ ಆಗದಿದ್ದರೆ, ಬರುವ ವರ್ಷದ ಪ್ರದರ್ಶನವನ್ನು ನಮ್ಮ ಗ್ಯಾರೇಜಿನ ಒಳಗೆ, ಟ್ರೇಲರು ಕುಸಿದು ಕೂತಿರುವ ಜಾಗದಲ್ಲೇ ನಡೆಸಿಕೊಡುವಂತೆ ಮೇಲ್ವಿಚಾರಕಿಯವರಿಗೆ ತಾವೇ ಒಂದು ಶಿಫಾರಸು ಪತ್ರ ಬರೆಯಬೇಕು. ತಮ್ಮಲ್ಲಿ ಗೂಡುಗಳಿಗೂ ಚೀಟಿಗಳಿಗೂ ಕೊರತೆಯಿಲ್ಲವಾದ್ದರಿಂದ ಪಟ್ಟಿಯಲ್ಲಿ ನನ್ನ ಮುಂದಿರುವ ಅರವತ್ತೆರಡು ಮಂದಿಯನ್ನು ಕೂಡ ವಿಂಗಡಿಸಿ ಎಲ್ಲಾದರೂ ಇಟ್ಟುಬಿಟ್ಟರೆ ಇನ್ನೂ ಉಪಕಾರ.

ಎರಡು ದಿನದೊಳಗೆ ತಮ್ಮಿಂದ ಉತ್ತರ ಬಾರದಿದ್ದಲ್ಲಿ, ತಮಗೆ ಸಮ್ಮತವಿದೆ ಎಂದೇ ಭಾವಿಸಿ ಮುಂದುವರಿಯುತ್ತೇನೆ. ಮೊಣಕಾಲಿನ ನೋವು ತಮ್ಮ ನೆನಪನ್ನು ಸದಾ ಹಸಿರಾಗಿಟ್ಟಿದೆ ಎಂದು ತಿಳಿಸುತ್ತಾ,

ತಮ್ಮ ವಿಶ್ವಾಸಿ,
ಪಟ್ಟಿಯಲ್ಲಿ ಅರವತ್ತಮೂರನೆಯವಳು

ತಾಜಾಕಲಂ: ಉತ್ತರ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ನಮ್ಮವರು ಕೆಲಸಕ್ಕೆ ಹೋದ ಮೇಲೆ ಅತ್ತೆಯೂ ನಾನೂ ಜಾಕಿ ಕೊಟ್ಟು ಎತ್ತಿ, ಚಕ್ರವನ್ನೂ ತಗಡನ್ನೂ ಕೂಡಿಸಿ, ಟ್ರೇಲರನ್ನು ತಮ್ಮ ಮೈಗೆ ತಾಗುವ ತನಕ ತಂದು, ಅದು ಎಲ್ಲಿ ತಡೆಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯಿಂದ ಒಂದು ಬೆರಳು ಒಳಗೆ ಕೊಯ್ದೆವು. ಯಾವ ಟೇಪೂ ಬೇಕಾಗಲಿಲ್ಲ. ಕೊಕ್ಕೆ ಮತ್ತೆ ನೀಲಿ ಬಕೆಟ್ಟಿಗೆ ಬಂದಿದೆ. ಟೇಪಿಗೆ ತಮ್ಮಲ್ಲೇ ಒಂದು ಗೂಡು ಕೊಟ್ಟು, ಅತ್ತೆ ಹೇಳಿದಂತೆ ‘ಆಟಿಕೆ’ ಎಂದು ಚೀಟಿ ಅಂಟಿಸಿದ್ದೇನೆ. ಸಂಜೆ ಬಂದು ನೋಡಿದ ಭಾವನವರು, ಎದುರುಮನೆಯವರನ್ನು ಕರೆದು ತಮ್ಮ ಕೆಳಹಲಗೆಯ ಕೊಯ್ದ ಅಂಚನ್ನು ಸವರುತ್ತಾ, “ಅದಕ್ಕೇ ನಾವು ಮೂರಿಂಚು ಹೆಚ್ಚಿಗೆ ಬಿಟ್ಟಿದ್ದು. ಹೆಚ್ಚಿದ್ರೆ ಕೊಯ್ಯಬಹುದು, ಕಮ್ಮಿಯಾದ್ರೆ ಅಂಟಿಸೋಕಾಗುತ್ತಾ?” ಎಂದು ವಿವರಿಸುತ್ತಿದ್ದರು. ನಾನು ಗರಗಸವನ್ನು ಇನ್ನೂ ಒಳಗಿಟ್ಟಿಲ್ಲ.