ಹಿಂದಿನ ಸೀಟು ಖಾಲಿ

ಚಿಲಿಗೆ ಹೋಗುವ ವಿಷಯವನ್ನು ಅನ್ಸೆಲ್ಮೊ ಕ್ಷೌರದಂಗಡಿಯಲ್ಲಿ ಬಾಯಿಬಿಡಬಾರದಿತ್ತು.

"ಈ ಸಲ ಯಾಕಯ್ಯಾ ಇಷ್ಟು ಸಣ್ಣಗೆ ಕತ್ತರಿಸು ಅಂತೀಯ?" ಎಂದು ವೆನಾನ್ಸಿಯೊ ಸುಮ್ಮನೆ ಕೇಳಿದ್ದ. ಮೊದಲಿನಿಂದಲೂ ಅದೇ ತಲೆ, ಅದೇ ಕತ್ತರಿ.

"ನಾಳೆ ಬೆಳಿಗ್ಗೆ ಲಾ ಸೆರೆನಾಗೆ ಹೊರಟಿದ್ದೀನಿ. ಸಮುದ್ರದ ಗಾಳಿಗೆ ಕೂದಲು ಕಣ್ಣಿಗೆ ಬೀಳಬಾರದು ನೋಡು."

"ಆಂಡೀಸ್ ದಾಟಿ? ಆ ಡಕೋಟ ಫಿಯಟ್‌ನಲ್ಲಿ? ಯಾರ ಜೊತೆ?"

"ಒಬ್ಬನೇ."

ಕತ್ತರಿ ನಿಂತಿತು. ಅರ್ಧ ತಲೆ ಮುಗಿಸಿದ್ದ ವೆನಾನ್ಸಿಯೊ, ಸೋಪು ತರುವ ನೆಪದಲ್ಲಿ ಬೀದಿಗೆ ಹೋಗಿ ಬಂದ. ಸೋಪು ತಂದಿರಲಿಲ್ಲ.

ಅನ್ಸೆಲ್ಮೊ ಮನೆ ತಲುಪುವುದಕ್ಕೆ ಮೊದಲೇ ಸುದ್ದಿ ತಲುಪಿ, ಅವನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮಾತೆ ಎಲೆಯ ಕಷಾಯ ಹೀರುತ್ತಾ ಕೂತಿತ್ತು. ಅದರ ಹೆಸರು ದೋನ್ಯಾ ಒಬ್ದೂಲಿಯಾ. ಪಕ್ಕದ ಮನೆಯಾಕೆ, ವಿಧವೆ, ಕೋಳಿ ಸಾಕುತ್ತಿದ್ದಳು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವಳ ಮೂಗಿಗೆ ತಿಳಿಯುತ್ತಿತ್ತು.

"ದೋನ್ ಅನ್ಸೆಲ್ಮೊ, ನಿಮಗೇನು ತಲೆ ಕೆಟ್ಟಿದೆಯಾ? ಹಿಂದಿನ ಸಲ ಚೆಪೆಸ್ ಹತ್ರಾನೇ ದಾರಿ ತಪ್ಪಿದ್ರಂತೆ. ನೆಲಿದಾ ಹೇಳ್ತಿದ್ಲು."

"ಅದು ಎಪ್ಪತ್ತೊಂದನೇ ಇಸವಿಯಲ್ಲಿ, ದೋನ್ಯಾ."

"ದಾರಿ ಅದೇ, ತಪ್ಪೋರೂ ಅವರೇ!"

ಎಪ್ಪತ್ತೊಂದರಲ್ಲಿ, ಮದುವೆಯಾದ ವಾರ, ಅನ್ಸೆಲ್ಮೊ ಮತ್ತು ನೆಲಿದಾ ಇದೇ ಫಿಯಟ್‌ನಲ್ಲಿ ಆಗ್ವಾ ನೆಗ್ರಾ ಘಾಟಿ ಹತ್ತಿ ಲಾ ಸೆರೆನಾಗೆ ಹೋಗಿದ್ದರು. ಇಬ್ಬರೇ ಅಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಇದ್ದರು. ಮಗಳ ಮದುವೆಗಾಗಿ ಹೊತ್ತ ಹರಕೆ ಒಪ್ಪಿಸಲು, ವಲ್ಯೆಸೀತೊದಲ್ಲಿರುವ ದಿಫುಂತಾ ಕೊರ್ರೆಯಾಳ ಗುಡಿಯವರೆಗೆ ಮಾತ್ರ ಎಂದು ಹತ್ತಿದವರು, ಪೆಸಿಫಿಕ್ ಸಾಗರದಲ್ಲಿ ಕಾಲು ತೊಳೆದುಕೊಂಡೇ ಇಳಿದರು. ಘಾಟಿಯ ಒಂದು ತಿರುವನ್ನೂ ಬಿಡದೆ ಗೊರಕೆ ಹೊಡೆದರು. ಸಂಜೆ ಮರಳಿನಲ್ಲಿ ಕೂತು ಅಳಿಯ ಹೆಂಡತಿಯ ಕೈ ಹಿಡಿದರೆ, ನಡುವೆ ಬಂದು ಕೂತು ಬೇಯಿಸಿದ ಮೊಟ್ಟೆ ಸುಲಿದು ಕೊಟ್ಟರು. ಹಿಂತಿರುಗುವಾಗ ನೆಲಿದಾ ಅವನ ಕಿವಿಯಲ್ಲಿ ಹೇಳಿದ್ದಳು, "ಇನ್ನೊಂದು ಸಲ ಬರೋಣ. ಹಿಂದಿನ ಸೀಟು ಖಾಲಿ ಇಟ್ಕೊಂಡು."

ಆ ಇನ್ನೊಂದು ಸಲ ಬರಲೇ ಇಲ್ಲ. ಎರಡು ದೇಶಗಳು ಮುನಿಸಿಕೊಂಡು ದಾರಿ ಮುಚ್ಚಿದವು. ಮತ್ತೆ ತೆರೆಯುವ ಹೊತ್ತಿಗೆ ನೆಲಿದಾ ಹಾಸಿಗೆ ಹಿಡಿದಿದ್ದಳು. ಅವಳು ಹೋಗಿ ಇದು ಎರಡನೆಯ ಬೇಸಿಗೆ. ಮುಂದಿನ ಸೀಟಿನಲ್ಲಿ ಅವಳ ಹುಲ್ಲಿನ ಟೋಪಿ, ಹಿಂದೆ ಯಾರೂ ಇಲ್ಲ; ಕೊಟ್ಟ ಮಾತು ಅಷ್ಟರಮಟ್ಟಿಗಾದರೂ ಉಳಿಯಲಿ ಎಂಬುದು ಅನ್ಸೆಲ್ಮೊನ ಆಸೆ.

"ಹೋಗೋದು ಹೋಗ್ತೀರಿ," ಎಂದಳು ಒಬ್ದೂಲಿಯಾ, "ನಂದೊಂದು ಬಾಟ್ಲಿ ನೀರು ದಿಫುಂತಾಗೆ ಒಪ್ಪಿಸಿಬಿಡಿ."

ಮರುಭೂಮಿಯಲ್ಲಿ ಬಾಯಾರಿ ಸತ್ತ ತಾಯಿ ದಿಫುಂತಾ. ಆ ದಾರಿಯಲ್ಲಿ ಹೋಗುವವರು ಅವಳಿಗೆ ನೀರಿಟ್ಟು ಹೋಗಬೇಕು. ಆ ನೀರನ್ನು ಒಯ್ಯುವುದಿಲ್ಲ ಎಂದ ಡ್ರೈವರ್ ಇನ್ನೂ ಹುಟ್ಟಿಲ್ಲ. ಅನ್ಸೆಲ್ಮೊ ಬಾಟಲಿಯನ್ನು ಡಿಕ್ಕಿಯಲ್ಲಿಟ್ಟ.

ಅಷ್ಟೇ ಸಾಕಾಯಿತು. ಮಧ್ಯಾಹ್ನದ ಊಟದೊಳಗೆ ಇಡೀ ಬೀದಿಗೆ ತೀರದ ಹರಕೆಗಳು ನೆನಪಾದವು. ಒಬ್ಬಳ ಮಗ ಪಾಸಾಗಿದ್ದ. ಒಬ್ಬನ ಮಂಡಿನೋವು ವಾಸಿಯಾಗಿತ್ತು. ಮತ್ತೊಬ್ಬನ ಹೆಂಡತಿ ಮನೆಗೆ ವಾಪಸಾಗಿದ್ದಳು. ಅದಕ್ಕೆ ಹರಕೆ ಹೊತ್ತವನು ಅವನಲ್ಲ, ಅವನ ತಾಯಿ. ಸೋಡಾ ಬಾಟಲಿ, ಹಾಲಿನ ಬಾಟಲಿ, ಔಷಧಿಯ ಬಾಟಲಿ ಬಂದವು. ವೆನಾನ್ಸಿಯೊ ಬಿಂದಿಗೆಯಷ್ಟು ದೊಡ್ಡ ವೈನ್ ಜಾಡಿಯಲ್ಲಿ ನೀರು ತುಂಬಿಸಿ, ಮಗುವಿನಂತೆ ಎತ್ತಿಕೊಂಡು ಬಂದ.

"ಇದೇನಯ್ಯಾ, ದಿಫುಂತಾಗೆ ಸ್ನಾನ ಮಾಡಿಸ್ತೀಯಾ?"

"ನಂದು ಹಳೇ ಹರಕೆ. ಬಡ್ಡಿ ಸೇರಿದೆ."

ಡಿಕ್ಕಿ ತುಂಬಿ ಬಾಟಲಿಗಳು ಹಿಂದಿನ ಸೀಟಿಗೆ ಬಂದವು. ಅನ್ಸೆಲ್ಮೊ ತನ್ನನ್ನು ತಾನೇ ಸಮಾಧಾನಪಡಿಸಿಕೊಂಡ: ಬಾಟಲಿಗಳು ಗೊರಕೆ ಹೊಡೆಯುವುದಿಲ್ಲ. ಮೊಟ್ಟೆಯನ್ನೂ ಸುಲಿಯುವುದಿಲ್ಲ.

ಇಷ್ಟರ ಮೇಲೆ ಒಬ್ದೂಲಿಯಾ ದಾರಿಗೆಂದು ಜೇನಿನ ಜಾಡಿ, ಒಂದು ಬುಟ್ಟಿ ಪೀಚ್ ಹಣ್ಣು ತಂದಳು.

"ಚಿಲಿಯವರು ಗಡಿಯಲ್ಲೇ ಕಿತ್ಕೋತಾರೆ ದೋನ್ಯಾ. ಹಣ್ಣು, ಜೇನು ಏನೂ ಬಿಡಲ್ಲ."

"ಹಾಗಾದ್ರೆ ಗಡಿಗೆ ಮುಂಚೆ ತಿನ್ನಿ."

"ಒಂದು ಬುಟ್ಟಿ ಹಣ್ಣಾ? ಒಬ್ಬನೇನಾ?"

"ಅದನ್ನೇ ನಾನೂ ಹೇಳ್ತಿರೋದು," ಎಂದಳು ಅವಳು. "ಒಬ್ಬರೇ ಯಾಕೆ?"

ಬುಟ್ಟಿ ಒಳಗೆ ಹೋಗಿದ್ದೇ ತಡ, ಕಾರಿನ ಕೆಳಗಿನಿಂದ ಬಂದೂಕು ಹಾರಿದಂಥ ಸದ್ದು. ಫಿಯಟ್ ಹಿಂದಕ್ಕೆ ವಾಲಿ, ಉಂಡ ಎಮ್ಮೆಯ ಹಾಗೆ ಕೂತುಬಿಟ್ಟಿತು.

ಸಿಯೆಸ್ತಾದ ಹೊತ್ತು. ಊರೆಲ್ಲ ಕದ ಮುಚ್ಚಿ ಮಲಗುವ ವೇಳೆಯಲ್ಲಿ ಮೆಕ್ಯಾನಿಕ್ ಲುಸೇರೊನನ್ನು ಎಬ್ಬಿಸುವುದೂ ಒಂದೇ, ಪಾದ್ರಿಯನ್ನು ಬಯ್ಯುವುದೂ ಒಂದೇ. ಆದರೂ ಅವನು ಚಡ್ಡಿಯಲ್ಲೇ ಬಂದ, ಕಾರಿನಡಿ ತೂರಿ ನೋಡಿದ, ಹೊರಗೆ ಬಂದು ಕೈ ಒರೆಸಿಕೊಂಡ.

"ಸ್ಪ್ರಿಂಗ್ ಪ್ಲೇಟು ತುಂಡಾಗಿದೆ. ಈ ಮಾಡೆಲ್‌ಗೆ ಈಗ ಎಲ್ಲಿ ಸಿಗುತ್ತೆ? ಕೊರ್ದೊಬಾದಿಂದ ತರಿಸ್ಬೇಕು."

"ಎಷ್ಟು ದಿನ?"

"ಬಂದಾಗ ಬಂತು." ಅವನು ಹಿಂದಿನ ಸೀಟಿನತ್ತ ನೋಡಿ ತಲೆ ಅಲ್ಲಾಡಿಸಿದ. "ದಿಫುಂತಾ ಬೇರೆಯವ್ರ ಕೈಲಿ ಕಳಿಸಿದ ನೀರು ಕುಡಿಯಲ್ಲ ಅಂತ ನಮ್ಮಜ್ಜಿ ಹೇಳ್ತಿದ್ಲು. ಇಡೀ ಬೀದಿ ಪುಣ್ಯಾನ ಒಬ್ಬನ ತಲೆ ಮೇಲೆ ಹೊರಿಸಿದ್ರೆ ಇನ್ನೇನಾಗುತ್ತೆ?"

ನೆರೆದವರೆಲ್ಲ ನೆಲ ನೋಡಿದರು. ನಂತರ ಒಬ್ಬೊಬ್ಬರೇ ತಮ್ಮ ಬಾಟಲಿ ಇಳಿಸಿಕೊಂಡು ಮನೆಗೆ ಹೋದರು.

ಅನ್ಸೆಲ್ಮೊ ಬಾಗಿಲ ಮೆಟ್ಟಿಲ ಮೇಲೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮಾರ್ಚ್ ಕಳೆದರೆ ಇಲ್ಲಿನ ಬೇಸಿಗೆ ಮುಗಿದು, ಘಾಟಿಯಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಆಮೇಲೆ ಮುಂದಿನ ಬೇಸಿಗೆಯೇ. ಅಷ್ಟು ದಿನ ಫಿಯಟ್ ಇರುತ್ತದೋ ಇಲ್ಲವೋ, ತಾನೂ ಅಷ್ಟೆ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದ, "ತಾಯಿ ದಿಫುಂತಾ, ನಾಳೆಗೆ ಕಾರು ಎದ್ದು ನಿಲ್ಲುವಂತೆ ಮಾಡು. ನೀನು ಏನು ಹೇಳಿದರೂ ಸರಿ."

ಸೂರ್ಯ ಮುಳುಗುವ ಮೊದಲು ಪಕ್ಕದ ಹಿತ್ತಲಲ್ಲಿ ಕೋಳಿಗಳು ಕಿರುಚಿದವು. ಒಬ್ದೂಲಿಯಾ ತುಕ್ಕು ಹಿಡಿದ ಕಬ್ಬಿಣದ ಕಟ್ಟೊಂದನ್ನು ಎಳೆದುಕೊಂಡು, ಲುಸೇರೊನನ್ನೂ ಕರೆದುಕೊಂಡು ಬಂದಳು.

"ನಮ್ಮ ಯಜಮಾನರದ್ದೂ ಫಿಯಟ್ಟೇ ಅಲ್ವಾ? ಅದನ್ನು ಗುಜರಿಗೆ ಕೊಟ್ಟಾಗ ಇದನ್ನ ಕೋಳಿ ಗೂಡಿನ ಬಾಗಿಲಿಗೆ ಆನಿಸಿಟ್ಟಿದ್ದೆ. ಆಗುತ್ತಾ ನೋಡಪ್ಪಾ ಲುಸೇರೊ."

ಆಯಿತು. ಕೋಳಿ ಪಿಕ್ಕೆಯನ್ನು ಕೆರೆದು ಹಾಕಿದರೆ ಅಳತೆ ಪಕ್ಕಾ ಇತ್ತು. ಅನ್ಸೆಲ್ಮೊನ ಕಣ್ಣು ಒದ್ದೆಯಾಯಿತು.

ಬೆಳಿಗ್ಗೆ ಅವನು ಟೋಪಿಯನ್ನು ಮುಂದಿನ ಸೀಟಿನಲ್ಲಿಟ್ಟು ತಿರುಗಿ ನೋಡಿದರೆ, ಹಿಂದಿನ ಸೀಟಿನಲ್ಲಿ ಮೂವರು ಭುಜಕ್ಕೆ ಭುಜ ಒತ್ತಿಕೊಂಡು ಕೂತಿದ್ದರು. ನಡುವೆ ಒಬ್ದೂಲಿಯಾ, ಆಚೆ ವೆನಾನ್ಸಿಯೊ, ಈಚೆ ಲುಸೇರೊ. ಎಲ್ಲರ ಮಡಿಲಲ್ಲೂ ಒಂದೊಂದು ಬಾಟಲಿ.

"ಇದೇನಿದು?"

"ಕಾರು ರಿಪೇರಿ ಆದ್ರೆ ನಾನೇ ಬಂದು ನೀರಿಡ್ತೀನಿ ಅಂತ ನಿನ್ನೆ ದಿಫುಂತಾಗೆ ಮಾತು ಕೊಟ್ಟೆ," ಎಂದಳು ಒಬ್ದೂಲಿಯಾ.

"ನಾನೂ," ಎಂದ ವೆನಾನ್ಸಿಯೊ.

"ಪ್ಲೇಟು ಕೂತ್ಕೊಂಡ್ರೆ ನಾನೂ ಬರ್ತೀನಿ ಅಂದಿದ್ದೆ," ಎಂದ ಲುಸೇರೊ.

"ಮುಂದೆ ಜಾಗ ಇದೆಯಲ್ಲ, ಹೀಗ್ಯಾಕೆ ಒತ್ಕೊಂಡು ಕೂತಿದ್ದೀರಿ?"

"ಅದು ನೆಲಿದಾ ಜಾಗ," ಎಂದಳು ಒಬ್ದೂಲಿಯಾ. "ಭಯ ಬೇಡ. ವಲ್ಯೆಸೀತೊವರೆಗೆ ಮಾತ್ರ."

ಅನ್ಸೆಲ್ಮೊ ಕೀಲಿ ತಿರುಗಿಸಿ ಕಾರು ಹೊರಡಿಸಿದ. ಏನು ಹೇಳಿದರೂ ಸರಿ ಎಂದವನು ಅವನೇ.

ಚೆಪೆಸ್ ಹತ್ತಿರ ದಾರಿ ತಪ್ಪಿತು. ಹಿಂದಿನಿಂದ ಮೂವರೂ ಒಟ್ಟಿಗೆ ಕೂಗಿ ಸರಿಪಡಿಸಿದರು. ವಲ್ಯೆಸೀತೊದ ಗುಡ್ಡ ಹತ್ತಿ, ಸಾವಿರಾರು ಬಾಟಲಿಗಳ ನಡುವೆ ಎಲ್ಲರೂ ನೀರಿಟ್ಟರು. ಅನ್ಸೆಲ್ಮೊಗೆ ಎದೆ ಹಗುರಾಯಿತು.

"ಚೆಪೆಸ್ ಕಡೆ ಹೋಗುವ ಬಸ್ಸು ಅಲ್ಲೇ ಕೆಳಗೆ ನಿಲ್ಲುತ್ತೆ," ಎಂದು ಕೈ ತೋರಿಸಿದ.

ಆಗಲೇ ಅವನ ಕಣ್ಣು ವೆನಾನ್ಸಿಯೊನ ಮೇಲೆ ಬಿತ್ತು. ಬಗ್ಗಿ ಮೇಣದ ಬತ್ತಿ ಹಚ್ಚುತ್ತಿದ್ದವನ ಪ್ಯಾಂಟು ಜಾರಿ, ಒಳಗಿನಿಂದ ಪಟ್ಟೆ ಪಟ್ಟೆ ಈಜು ಚಡ್ಡಿ ಇಣುಕುತ್ತಿತ್ತು.

ಅನ್ಸೆಲ್ಮೊ ನಿಧಾನವಾಗಿ ಒಬ್ದೂಲಿಯಾಳ ಕಡೆ ತಿರುಗಿದ. ಅವಳು ಚೀಲದಿಂದ ಇನ್ನೊಂದು ಬಾಟಲಿ ತೆಗೆಯುತ್ತಿದ್ದಳು.

"ನಿಮ್ಮದು ಆಗಲೇ ಇಟ್ಟಾಯ್ತಲ್ಲ ದೋನ್ಯಾ?"

"ಇದು ನಂದಲ್ಲ. ನೆಲಿದಾದು." ಅವಳು ಅದನ್ನು ತಾಯಿಯ ಪಾದದ ಬಳಿ ಇಟ್ಟು ಅಂಗೈಯಿಂದಲೇ ಕಣ್ಣೊರೆಸಿಕೊಂಡಳು. "ಕೊನೇ ವಾರ ಹರಕೆ ಹೊತ್ತಿದ್ಲು. 'ಅವನು ಎಂದಾದ್ರೂ ಆ ಘಾಟಿ ಹತ್ತೇ ಹತ್ತುತ್ತಾನೆ, ದಾರಿ ತಪ್ತಾನೆ, ಒಬ್ಬನನ್ನೇ ಕಳಿಸ್ಬೇಡ ತಾಯಿ' ಅಂತ. ಸತ್ತೋರ ಹರಕೆ ಬದುಕಿರೋರು ತೀರಿಸ್ಬೇಕಲ್ವಾ? ಬನ್ನಿ ಬನ್ನಿ, ಸಾನ್ ಹ್ವಾನ್‌ನಲ್ಲಿ ಊಟ ಮಾಡೋಣ. ಮೊಟ್ಟೆ ಬೇಯಿಸಿ ತಂದಿದ್ದೀನಿ."

ಸಾನ್ ಹ್ವಾನ್ ದಾಟಿ ಸ್ವಲ್ಪ ಹೊತ್ತಿಗೆಲ್ಲ ಹಿಂದಿನ ಸೀಟಿನಿಂದ ಗೊರಕೆ ಶುರುವಾಯಿತು. ಅತ್ತೆಯದೇ ರಾಗ, ಆದರೆ ಈ ಸಲ ಮೂರು ಕಂಠಗಳಲ್ಲಿ. ಅನ್ಸೆಲ್ಮೊ ಪಕ್ಕಕ್ಕೆ ನೋಡಿದ.

"ನಿಂದೇನಾ ಈ ಕೆಲಸ?" ಎಂದು ಮೆಲ್ಲಗೆ ಕೇಳಿದ.

ಟಾರು ಮುಗಿದು ಮಣ್ಣಿನ ದಾರಿ ಮೊದಲಾಗಿತ್ತು. ಸೀಟಿನ ಮೇಲಿನ ಟೋಪಿ ಹೌದು ಹೌದು ಎಂದು ತಲೆಯಾಡಿಸುತ್ತಿತ್ತು.