ಗೋಡೆಯ ಮೇಲಿನ ಗುಟ್ಟು

"ಇನ್ಮ್ಯಾಲ ಈ ಮನ್ಯಾಗ ಕೀಲಿಕೈ ಅನ್ನೋ ಮಾತೇ ಇರಂಗಿಲ್ಲ!" ಎಂದು ಹುಮನಾಬಾದಿನ ತುಳಜಾರಾಮರು ಘೋಷಿಸಿದರು. ಅದು ೧೯೮೧ರ ಬೇಸಿಗೆ. ಮಗನ ನಿಶ್ಚಯಕ್ಕೆಂದು ಹೈದರಾಬಾದಿನಿಂದ ಅವರು ತಂದದ್ದು ಅಂಥಿಂಥ ಸೂಟ್‌ಕೇಸಲ್ಲ, ಮೂರು ಅಂಕಿ ತಿರುಗಿಸಿ ತೆಗೆಯುವ ನಂಬರ್ ಬೀಗದ್ದು!

"ನಂಬರ ಎಷ್ಟ್ರಿ?" ಹೆಂಡತಿ ಕೇಶರಬಾಯಿ ಕೇಳಿದರು.

"ಅದು ಗುಟ್ಟು! ಜೀವ ಹೋದ್ರೂ ಯಾರ ಬಾಯಾಗೂ ಬರಬಾರ್ದು!"

ಆದರೆ ಅಷ್ಟು ದೊಡ್ಡ ಗುಟ್ಟನ್ನು ನೆನಪಿಡುವ ತಾಪತ್ರಯ ಯಾರಿಗೆ ಬೇಕು? ಜನಗಣತಿಯ ಮಾಸ್ತರರು ಬಾಗಿಲ ಪಕ್ಕದ ಗೋಡೆಗೆ ಕೆಂಪು ಗೇರುಬಣ್ಣದಲ್ಲಿ ಬರೆದುಹೋಗಿದ್ದ ಮನೆ ನಂಬರನ್ನೇ ಬೀಗಕ್ಕೂ ಇಟ್ಟುಬಿಟ್ಟರು. ಬೇಕಾದಾಗ ಹೊರಗೆ ಹೋಗಿ ಓದಿಕೊಂಡು ಬಂದರಾಯಿತು! ಸೂಟ್‌ಕೇಸು ನೋಡಲು ಓಣಿಯೇ ಬಂತು. ಅವರು ದಿನಕ್ಕೆ ಹತ್ತು ಸಲ ಹೊರಗೆ ಹೋದರು, ಬಂದರು, ತೆಗೆದರು, ತೋರಿಸಿದರು. "ನಂಬರ ಮಾತ್ರ ಗುಟ್ಟು!" ಎಂದು ಪ್ರತಿಯೊಬ್ಬರಿಗೂ ತಾಕೀತು ಮಾಡಿದರು.

ನಿಶ್ಚಯದ ದಿನ ಓಣಿಯ ಹತ್ತು ಮಂದಿಯನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋದರು. ಹುಡುಗಿ ಒಳಗೆ ಕಾದಿದ್ದಳು. ಗಂಡಿನ ಕಡೆಯ ಸೀರೆ ಉಟ್ಟು ಅವಳು ಹೊರಗೆ ಬಂದ ಮೇಲೆಯೇ ಉಡಿ ತುಂಬುವುದು, ಸಕ್ಕರೆ ಹಂಚುವುದು, ಮಾತು ಗಟ್ಟಿಯಾಗುವುದು. ಆ ಸೀರೆ ಸೂಟ್‌ಕೇಸಿನಲ್ಲಿತ್ತು.

ತುಳಜಾರಾಮರು ಗತ್ತಿನಿಂದ ಬೀಗಕ್ಕೆ ಕೈ ಹಾಕಿದರು. ಅಭ್ಯಾಸದಂತೆ ಎದ್ದು ಹೊರಗೆ ಹೋಗಿ ಗೋಡೆ ನೋಡಿದರು. ಅಲ್ಲಿದ್ದದ್ದು ಆ ಮನೆಯ ನಂಬರು! ತಮ್ಮ ಮನೆಯ ನಂಬರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಹೊರಗ ಏನ್ ನೋಡಾಕತ್ತೀರಿ?" ಎಂದರು ಹುಡುಗಿಯ ತಂದೆ ಮಚ್ಚೇಂದ್ರ.

"ಗ್ವಾಡಿ... ಗ್ವಾಡಿ ಭಾಳ ಗಟ್ಟಿ ಕಟ್ಟಿಸೀರಿ!"

ಒಳಗೆ ಬಂದು ಬಸ್ಸಿನ ನಂಬರು ತಿರುಗಿಸಿದರು, ಮಗನ ಮೆಟ್ರಿಕ್ ಮಾರ್ಕು ತಿರುಗಿಸಿದರು. ಬೀಗ ಜಪ್ಪಯ್ಯ ಅನ್ನಲಿಲ್ಲ. ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು: "ಯಾರ್ನರ ಊರಿಗಿ ಕಳ್ಸಿ ಬಾಗಲ ಬಾಜೂಕಿನ ನಂಬರ ನೋಡ್ಸಬೇಕು!"

"ಅದರ ಮ್ಯಾಲ ನಿನ್ನೆನೇ ಸುಣ್ಣ ಬಳದೀನ್ರಿ!"

ಮುಹೂರ್ತ ಜಾರುತ್ತಿತ್ತು. ಮಚ್ಚೇಂದ್ರರ ಹುಬ್ಬು ಗಂಟಿಕ್ಕಿತು. "ಸೀರಿ ತಂದೀರೋ, ಖಾಲಿ ಪೆಟಗಿ ತಂದೀರೋ? ಸಾಫ್ ಹೇಳ್ರಿ. ಇಲ್ಲಾಂದ್ರ ಈ ಸಂಬಂಧ ಇಲ್ಲಿಗೇ ಸಾಕು!"

ತುಳಜಾರಾಮರ ಕಣ್ಣಲ್ಲಿ ನೀರೇ ಬಂತು. ಮಗನ ಮದುವೆ ಮೂರು ಅಂಕಿಗೆ ನಿಂತುಹೋಗುತ್ತದಲ್ಲ! ಗತ್ತೆಲ್ಲ ಬಿಟ್ಟು ಎರಡೂ ಕೈ ಎತ್ತಿದರು: "ಯಾರಿಗರ ಗೊತ್ತಿದ್ರ ಹೇಳ್ರಪ್ಪೋ, ಕೈ ಮುಗೀತೀನಿ!"

"ನಾಕು, ಒಂದು, ಏಳು!" ಜೊತೆಗೆ ಬಂದಿದ್ದ ಹತ್ತೂ ಮಂದಿ ಒಂದೇ ಉಸಿರಿಗೆ ಕೂಗಿದರು.

ಟಕ್! ಸೀರೆ ಒಳಗೆ ಹೋಯಿತು, ಹುಡುಗಿ ಹೊರಗೆ ಬಂದಳು, ಸಕ್ಕರೆ ಹಂಚಿದ್ದಾಯಿತು.

"ನಿಮಗ ಹ್ಯಾಂಗ ಗೊತ್ತಾಯ್ತೋ?" ತುಳಜಾರಾಮರು ಪಕ್ಕದ ಮನೆಯ ದೇವಿಂದ್ರಪ್ಪನನ್ನು ಹಿಡಿದರು.

"ನೀವು ದಿನಾ ಗ್ವಾಡಿಗಿ ಬೆರಳಿಟ್ಟು ಜೋರಾಗಿ ಓದ್ತಿದ್ರಲ್ರಿ! ಆಡು ಹೊಡಕೊಂಡು ಹೋಗಾಗ ಕೇಳಿ ಕೇಳಿ ಬಾಯಿಪಾಠ ಆಗ್ಯದ."

"ಮತ್ತ ಇಷ್ಟೊತ್ತು ಯಾಕ ಸುಮ್ಮ ಕುಂತಿದ್ರಿ?"

"ಗುಟ್ಟು ಅಂದಿದ್ರಲ್ರಿ!"

ಮರುದಿನ ಎದ್ದು ಹೊರಗೆ ಬಂದರೆ, ಬೆಳ್ಳಗಿನ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೇಣುದ್ದದ ೪೧೭! ಕೇಶರಬಾಯಿ ಕೈ ತೊಳೆಯುತ್ತಿದ್ದರು.

"ಏ, ಅಳ್ಸು ಅದನ! ಓಣಿ ಮಂದಿ ಓದಿದ್ರ?"

"ಓಣಿಗಿ ಬಾಯಿಪಾಠ ಅದ ರೀ. ಇದು ನಿಮ್ಮೊಬ್ಬರ ಸಲುವಾಗಿ!"