ಒಂದು ಸಲಕ್ಕೆ ಒಂದೇ ಬದಲಾವಣೆ

ಮೂರು ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳಲು ಒಂದು ಕಂಬಿ ಬೇಕು. ವಿಷಯ ಇಷ್ಟೇ. ಆದರೆ ತಪಶೀಲು ಅವರ ಮನೆಯಲ್ಲಿ ಯಾವ ವಿಷಯವೂ ಇಷ್ಟೇ ಆಗಿ ಉಳಿದದ್ದಿಲ್ಲ.

ತಪಶೀಲು ಎಂಬುದು ಬೀದಿಯವರು ಇಟ್ಟ ಹೆಸರು. ಮೂವತ್ತೊಂದು ವರ್ಷ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಆ ಮನುಷ್ಯ, 'ಹೇಗಿದ್ದೀರಿ' ಎಂದವರಿಗೂ ತಪಶೀಲು ಸಮೇತ ಉತ್ತರ ಕೊಡುತ್ತಿದ್ದರು. (ಒಮ್ಮೆ ಕೇಳಿದವರು ಇನ್ನೊಮ್ಮೆ ಕೇಳುತ್ತಿರಲಿಲ್ಲ.)

ಅವರ ಹೆಂಡತಿಯನ್ನು ಬೀದಿಯೆಲ್ಲ ಟೈಲರಮ್ಮ ಎಂದು ಕರೆಯುತ್ತಿತ್ತು. ಅಡುಗೆಮನೆಯ ಹಿಂಬಾಗಿಲಿನಿಂದ ಮೂರು ಕಲ್ಲಿನ ಮೆಟ್ಟಿಲು ಇಳಿದರೆ ಹಿತ್ತಲು, ಹಿತ್ತಲಿನ ತುದಿಗೆ ಆಕೆಯ ಹೊಲಿಗೆಯ ಕೋಣೆ. ಇಪ್ಪತ್ತೆಂಟು ವರ್ಷ ಆ ಮೆಟ್ಟಿಲಿಗೆ ಮರದ ಹಿಡಿಕೆಯೊಂದಿತ್ತು. ಅದಕ್ಕೆ ಗೆದ್ದಲು ಹತ್ತಿರಬಹುದೆಂದು ತಪಶೀಲು ಅವರಿಗೆ ಅನುಮಾನ ಬಂತು. ಅನುಮಾನ ಬಂದರೆ ಪರೀಕ್ಷೆಯಾಗಬೇಕು. ಪರೀಕ್ಷೆಯಾಗಬೇಕಾದರೆ ಕಿತ್ತು ನೋಡಬೇಕು. ಕಿತ್ತರು, ಉದ್ದಕ್ಕೆ ಸೀಳಿದರು, ಭೂತಗನ್ನಡಿ ಹಿಡಿದು ನೋಡಿದರು. ಗೆದ್ದಲು ಇರಲಿಲ್ಲ. ಈಗ ಹಿಡಿಕೆಯೂ ಇರಲಿಲ್ಲ.

"ಹೋಗ್ಲಿ ಬಿಡಿ, ವೆಲ್ಡರ್‌ನ ಕರೆಸಿ ಕಬ್ಬಿಣದ್ದು ಹಾಕಿಸಿ" ಎಂದರು ಟೈಲರಮ್ಮ.

"ಅದಕ್ಯಾಕೆ ವೆಲ್ಡರು? ನಾನೇ ಮಾಡ್ತೀನಿ."

ಆ ಮಹಾಪ್ರತಿಜ್ಞೆಯಾದ ನಲವತ್ತೊಂದನೆಯ ದಿನ ಟೈಲರಮ್ಮ, ಅರ್ಧ ಹೊಲಿದ ಅಂಗಿಯೊಂದನ್ನು ತೋಳಿಗೆ ಹಾಕಿಕೊಂಡು, ಅಭ್ಯಾಸಬಲದಿಂದ ಇಲ್ಲದ ಹಿಡಿಕೆಗೆ ಕೈ ಚಾಚಿ ಬಿದ್ದರು. ಮಂಡಿಚಿಪ್ಪು ಒಡೆಯಿತು.

ಆರು ವಾರ ಪ್ಲಾಸ್ಟರ್. ಅದನ್ನು ಬಿಚ್ಚಿದ ದಿನ ಡಾಕ್ಟರು, "ನಡೀರಿ, ಹೆದರಬೇಡಿ. ಮೆಟ್ಟಿಲಲ್ಲಿ ಮಾತ್ರ ಏನಾದ್ರೂ ಹಿಡ್ಕೊಳ್ಳಿ" ಎಂದರು. ಏನಾದರೂ ಎಂದರೆ ಏನು ಎಂದು ಅವರು ಹೇಳಲಿಲ್ಲ, ಇವರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಟೈಲರಮ್ಮ ಹಿಂಬಾಗಿಲಿನವರೆಗೆ ನಡೆದುಹೋಗಿ, ಒಂದು ಕಾಲು ಮುಂದೆ ಚಾಚಿ, ಕೈಯಲ್ಲಿ ಗಾಳಿಯನ್ನು ತಡಕಿ, ಕಾಲನ್ನು ಹಿಂದಕ್ಕೆಳೆದುಕೊಂಡರು. ಯಾರೂ ನೋಡಲಿಲ್ಲ ಎಂದುಕೊಂಡರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಪಶೀಲು ನೋಡಿದ್ದರು.

"ನನ್ನ ಹೆಗಲು ಹಿಡ್ಕೊಂಡು ಇಳಿ" ಎಂದರೆ ಆಕೆ ಒಪ್ಪಲಿಲ್ಲ. "ದಿನಕ್ಕೆ ಇಪ್ಪತ್ತು ಸಲ ಇಳಿಯೋಳು ನಾನು. ಇಪ್ಪತ್ತು ಸಲವೂ ನಿಮ್ಮನ್ನ ಕೂಗ್ತಾ ಕೂರ್ಲಾ? ಅಲ್ದೆ, ಬಿದ್ರೆ ಇಬ್ರೂ ಬೀಳ್ತೀವಿ."

ಆಮೇಲೆ ಆಕೆ ಹಿಂಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೋಣೆಯನ್ನು ದೂರದಿಂದ ನೋಡುತ್ತ ಕೂತರು. ಹೊಲಿಗೆ ಯಂತ್ರದ ಸದ್ದು ನಿಂತ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. (ನಿಮಿಷಕ್ಕೆ ಹದಿನಾಲ್ಕು ಹನಿ. ತಪಶೀಲು ಎಣಿಸಿದ್ದರು.) ಕೊನೆಗೆ ಅವರು ಮನೆಬಳಕೆಯ ವೆಲ್ಡಿಂಗ್ ಮಶಿನ್ ಒಂದನ್ನು ಕೊಂಡು ತಂದರು.

ಟೈಲರಮ್ಮನ ತಮ್ಮ, ಬಸ್ ಓಡಿಸುವವನು, ಬಂದು ನೋಡಿ ನಿಟ್ಟುಸಿರುಬಿಟ್ಟ. "ಭಾವ, ನಮ್ಮ ಡಿಪೋದಲ್ಲಿ ವೆಲ್ಡರ್ ಇದಾನೆ. ಅರ್ಧ ಗಂಟೆ ಕೆಲಸ ಕಣ್ರೀ."

"ಕೆಡಿಸಿದವನು ನಾನು. ಸರಿ ಮಾಡೋನೂ ನಾನೇ."

"ಮಾಡಿ, ಮಾಡಿ. ಅಲ್ಲೀವರೆಗೆ ಅಕ್ಕ ಒಂಟಿ ಕಾಲಲ್ಲಿ ತಪಸ್ಸು ಮಾಡ್ತಿರ್ಲಿ. ಭಾನುವಾರದವರೆಗೆ ಟೈಮು ಕೊಟ್ಟಿದೀನಿ. ಸೋಮವಾರ ಅವನನ್ನ ಕರ್ಕೊಂಡೇ ಬರ್ತೀನಿ."

ಮಶಿನ್‌ನ ಕೆಲಸ ಸರಳ. ಒಳಗೆ ರೀಲಿಗೆ ತಂತಿ ಸುತ್ತಿರುತ್ತದೆ. ಎರಡು ಪುಟ್ಟ ಚಕ್ರಗಳು ಅದನ್ನು ನಡುವೆ ಹಿಡಿದು ಉದ್ದನೆಯ ಕೇಬಲ್ಲಿನೊಳಕ್ಕೆ ನೂಕುತ್ತವೆ. ಕೇಬಲ್ಲಿನ ತುದಿಯ ಗನ್ನಿನಲ್ಲಿ ಗುಂಡಿ ಒತ್ತಿದರೆ ತಾಮ್ರದ ಮೂತಿಯಿಂದ ತಂತಿ ಒಂದೇ ಸಮನೆ ಹೊರಬಂದು, ಕರಗಿ, ಕಬ್ಬಿಣವನ್ನು ಬೆಸೆಯಬೇಕು. ('ಬೇಕು' ಎಂಬುದನ್ನು ಗಮನಿಸಬೇಕು.) ತಪಶೀಲು ಹಿತ್ತಲಿನಲ್ಲಿ ಪೈಪುಗಳನ್ನು ಮಿಲಿಮೀಟರು ತಪ್ಪದಂತೆ ಕತ್ತರಿಸಿಟ್ಟರು. ರೀಲು ಚೂರು ಅಲುಗಾಡುತ್ತಿದೆ ಎನ್ನಿಸಿ ಅದರ ನಟ್ಟನ್ನು ಚೆನ್ನಾಗಿ ಬಿಗಿ ಮಾಡಿದರು. ಅಲುಗಾಡುವ ಯಾವುದನ್ನೂ ಅವರು ಸಹಿಸುತ್ತಿರಲಿಲ್ಲ. ಮುಖವಾಡ ಇಳಿಸಿ ಗುಂಡಿ ಒತ್ತಿದರು.

ತಂತಿ ಒಂದು ಬೆರಳಷ್ಟು ಬಂತು, ನಿಂತಿತು, ಬಿಕ್ಕಿತು, ಇನ್ನೊಂದಿಷ್ಟು ಬಂತು, ಮೂತಿಗೇ ಅಂಟಿಕೊಂಡು ಪ್ರಾಣ ಬಿಟ್ಟಿತು.

"ಏನ್ರೀ ಅದು, ಬಿಕ್ಕಳಿಸ್ತಾ ಇದೆ?" ಮೇಲೆ ಹಿಂಬಾಗಿಲಿನ ಕುರ್ಚಿಯಿಂದ ಟೈಲರಮ್ಮ ಕೇಳಿದರು.

"ಬುಧವಾರ, ಹತ್ತು ಗಂಟೆ ಇಪ್ಪತ್ತು. ಮೊದಲನೇ ವೈಫಲ್ಯ" ಎನ್ನುತ್ತ ತಪಶೀಲು ನೋಟ್‌ಬುಕ್ ತೆರೆದರು.

ಪ್ರಯೋಗಾಲಯದಲ್ಲಿ ಅವರು ಕಿರಿಯರಿಗೆ ಕಲಿಸಿದ್ದು ಒಂದೇ ಧರ್ಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಅದರಿಂದ ಗುಣ ಕಾಣದಿದ್ದರೆ ಅದನ್ನು ಮೊದಲಿದ್ದಂತೆ ಇಟ್ಟು, ಆಮೇಲೆ ಮುಂದಿನದಕ್ಕೆ ಕೈ ಹಾಕಬೇಕು. ಎರಡನ್ನು ಒಟ್ಟಿಗೆ ಬದಲಿಸುವವನು ವಿಜ್ಞಾನಿಯಲ್ಲ, ಜೂಜುಕೋರ.

ಅದರಂತೆ ಮೂತಿ ಬದಲಿಸಿದರು. ಬಿಕ್ಕಳಿಕೆ. ಹಳೆಯ ಮೂತಿಯನ್ನೇ ಉಜ್ಜಿ ಮತ್ತೆ ಹಾಕಿದರು. ಕೇಬಲ್ ಸುರುಳಿಯಾಗಿದ್ದರೆ ತಂತಿಗೆ ಒಳಗೆ ತಿಕ್ಕಾಟ ಹೆಚ್ಚು. ಅದನ್ನು ಬಿಚ್ಚಿ ಹಿತ್ತಲಿನುದ್ದಕ್ಕೂ ನೆಟ್ಟಗೆ ಹಾಸಿದರು. ಬಿಕ್ಕಳಿಕೆ. ಮತ್ತೆ ಸುರುಳಿ ಸುತ್ತಿದರು. ಗುರುವಾರ ರೀಲಿನ ನಟ್ಟನ್ನು ಸಡಿಲಿಸಿದರು. ಬಿಕ್ಕಳಿಕೆ, ಮತ್ತೆ ಬಿಗಿ. ಚಕ್ರಗಳ ಒತ್ತಡ ಹೆಚ್ಚಿಸಿದರು. ಈ ಸಲ ಬಿಕ್ಕಳಿಕೆ ಇಲ್ಲ, ಸದ್ದೇ ಇಲ್ಲ! ಸಂತೋಷದಿಂದ ಮುಚ್ಚಳ ತೆರೆದರೆ ತಂತಿ ಮುಂದೆ ಹೋಗಲಾರದೆ ಒಳಗೇ ಸುತ್ತಿ ಸುತ್ತಿ ಗೀಜಗನ ಗೂಡು ಕಟ್ಟಿತ್ತು. ಅದನ್ನು ಬಿಡಿಸುವುದರಲ್ಲಿ ಶುಕ್ರವಾರ ಹೋಯಿತು. ಶನಿವಾರ ಇನ್ನೂ ಕೆಲವು ಪ್ರಯೋಗ ಸೋತ ಮೇಲೆ, ತಂತಿ ತಳ್ಳುವ ಚಕ್ರದಲ್ಲಿ ಎರಡು ಕಚ್ಚುಗಳಿರುವುದು ಕಂಡಿತು, ಒಂದು ಅಗಲ, ಒಂದು ಕಿರಿದು. ತಂತಿ ಅಗಲದ ಕಚ್ಚಿನಲ್ಲಿ ಕೂತಿತ್ತು. ಹಾ, ಸಿಕ್ಕಿತು! ಚಕ್ರವನ್ನು ಕಳಚಿ ಮಗುಚಿ ಹಾಕಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು.

ಬಿಕ್ಕಳಿಕೆ.

ಚಕ್ರವನ್ನು ಮೊದಲಿದ್ದಂತೆಯೇ ಹಾಕಿದರು. ಮುಚ್ಚಳ ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ಆಕೆ ಬಿದ್ದದ್ದು ಅದೇ ಮೆಟ್ಟಿಲಲ್ಲಿ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಪ್ರಯೋಗಗಳು, ಹನ್ನೊಂದು 'ಗುಣ ಕಾಣಲಿಲ್ಲ'. ನಾಳೆ ಡಿಪೋದವನು ಬಂದು ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ. ಒಳ್ಳೆಯದೇ. ಆದರೆ ಅರ್ಧ ಗಂಟೆಯ ಕೆಲಸವನ್ನು ತಾವು ನಲವತ್ತೊಂದು ದಿನ ಮುಂದೂಡಿದ್ದಕ್ಕೆ ಒಂದು ಮಂಡಿ ಹೋಯಿತೆಂಬುದು ಆ ಕಂಬಿಯ ಮೇಲೆ ಶಾಶ್ವತವಾಗಿ ಕೂತುಬಿಡುತ್ತದೆ.

"ರೀ, ಆ ಮಶಿನ್‌ನ ಇಲ್ಲಿ ನನ್ನ ಮುಂದೆ ತಂದಿಡಿ" ಎಂದರು ಟೈಲರಮ್ಮ.

"ನಿನಗೇನು ಗೊತ್ತಾಗುತ್ತೆ ಇದರಲ್ಲಿ?"

"ವೆಲ್ಡಿಂಗು ಗೊತ್ತಿಲ್ಲ. ಬಿಕ್ಕಳಿಕೆ ಗೊತ್ತು. ಐದು ದಿನದಿಂದ ಕೇಳ್ತಾ ಇದೀನಿ."

ತಪಶೀಲು ಪ್ಲಗ್ ಕಿತ್ತು ಮಶಿನ್ ತಂದಿಟ್ಟರು. ಟೈಲರಮ್ಮ ಚಕ್ರದ ಹಿಡಿತ ಎತ್ತಿಸಿ, ತಂತಿಯನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿಗೆ ಪೋಣಿಸುವ ಮೊದಲು ದಾರ ಎಳೆದು ನೋಡುತ್ತಾರಲ್ಲ, ಹಾಗೆ ಎಳೆದರು. ಬರಲಿಲ್ಲ.

"ರೀಲು ಹಿಡ್ಕೊಂಡಿದೆ."

"ಸಡಿಲ ಮಾಡಿ ನೋಡಿದೆ. ಐದನೇ ಪ್ರಯೋಗ. ಗುಣ ಕಾಣಲಿಲ್ಲ."

"ಮತ್ತೆ ಈಗ ಬಿಗಿ ಇದೆ?"

"ಗುಣ ಕಾಣದ ಮೇಲೆ ಮೊದಲಿದ್ದ ಹಾಗೆ ಇಡಬೇಕಲ್ಲ."

ಟೈಲರಮ್ಮ ಚಕ್ರದ ಕಡೆ ಬೆರಳು ತೋರಿಸಿದರು. "ಈ ಕಚ್ಚಿನಲ್ಲಿ ತಂತಿ ಜಾರ್ತಾ ಇದೆ. ಎಷ್ಟು ಅಗಲ ಇದೆ ನೋಡಿ."

"ಅದನ್ನೂ ಮಗುಚಿ ಹಾಕಿದ್ದೆ. ಹನ್ನೊಂದನೇದು."

"ಅದನ್ನೂ ಮತ್ತೆ..."

"ಮೊದಲಿದ್ದ ಹಾಗೆ ಇಟ್ಟೆ."

"ಎರಡೂ ಒಟ್ಟಿಗೆ ಕೆಟ್ಟಿದ್ರೆ?"

ಮೂವತ್ತೊಂದು ವರ್ಷಗಳ ಧರ್ಮ ತಪಶೀಲು ಅವರ ಕಣ್ಣೆದುರಿಗೇ ಬಿಕ್ಕಳಿಸಿತು. ರೀಲು ಸಡಿಲಿಸಿದಾಗ ಚಕ್ರ ಜಾರುತ್ತಿತ್ತು. ಚಕ್ರ ಸರಿಪಡಿಸಿದಾಗ ರೀಲು ಬಿಗಿಯಾಗಿತ್ತು. ಎರಡು ಸಲ ಪರಿಹಾರದ ಬಾಗಿಲಿನವರೆಗೆ ಹೋಗಿ ಎರಡು ಸಲವೂ ಶಿಸ್ತಾಗಿ ವಾಪಸು ಬಂದಿದ್ದರು.

"ಒಟ್ಟಿಗೆ ಕೆಡೋದು ಬಹಳ ಅಪರೂಪ..." ಎಂದು ತೊದಲಿದರು.

"ಮನೇಲಿ ಯಾವುದು ಒಂದೊಂದಾಗಿ ಕೆಡುತ್ತೆ ರೀ? ದಾರ ಗಂಟಾದ್ರೆ ನಾನು ಮೇಲಿನ ಬಿಗಿನೂ ನೋಡ್ತೀನಿ, ಕೆಳಗಿನ ಬಾಬಿನ್ನೂ ನೋಡ್ತೀನಿ. ಒಂದನ್ನ ಸರಿ ಮಾಡಿ ಮತ್ತೆ ಕೆಡಿಸಿ ಇನ್ನೊಂದಕ್ಕೆ ಹೋಗಿದ್ರೆ ಈ ಬೀದಿಯವರೆಲ್ಲ ಇವತ್ತಿಗೂ ಟವೆಲ್ ಸುತ್ಕೊಂಡು ಓಡಾಡ್ತಿದ್ರು. ಎರಡನ್ನೂ ಸರಿ ಮಾಡಿ. ಕೇಬಲ್ಲೂ ನೆಟ್ಟಗೆ ಹಾಸಿ. ಆಮೇಲೆ, ಕೈ ಮುಗೀತೀನಿ, ಏನನ್ನೂ ಮೊದಲಿದ್ದ ಹಾಗೆ ಇಡಬೇಡಿ."

ನಟ್ಟು ಸಡಿಲಿಸಿದರು. ಚಕ್ರ ಮಗುಚಿದರು. ಕೇಬಲ್ಲನ್ನು ಹಿತ್ತಲಿನುದ್ದಕ್ಕೂ ಹಾಸಿದರು. ಗುಂಡಿ ಒತ್ತಿದರೆ ತಂತಿ ಹೊಸ ರೀಲಿನ ದಾರದಂತೆ ಹರಿದು ಬಂತು.

ಬೆಸುಗೆ ಚಂದವಿರಲಿಲ್ಲ; ಪೈಪಿನ ಮೇಲೆ ಕಂಬಳಿಹುಳುಗಳು ಮಲಗಿದಂತಿತ್ತು. ಆದರೆ ಸಂಜೆ ನಾಲ್ಕರ ಹೊತ್ತಿಗೆ ಕಂಬಿ ನಿಂತಿತ್ತು, ಬೋಲ್ಟು ಬಿಗಿದು, ತಣ್ಣಗಾಗಿ.

ಟೈಲರಮ್ಮ ಬಾಗಿಲಿಗೆ ಬಂದರು. ಬಲಗೈ ಕಂಬಿಯ ಮೇಲಿಟ್ಟರು. ಕಾಲು ಮುಂದೆ ಹೋಗಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ತಪಶೀಲು ಆಕೆಗೆ ಎದುರಾಗಿ ನಿಂತಿದ್ದರು. ಆಮೇಲೆ ಆಕೆಯ ಎಡಗೈ ಬಂದು ಅವರ ಹೆಗಲ ಮೇಲೆ ಕೂತಿತು.

"ಎರಡನ್ನೂ ಹಿಡಿದ್ರೆ ಕಂಬಿ ಗಟ್ಟಿಯಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಎಂದರು ಅವರು, ಚಾಳಿ ಬಿಡದೆ.

"ಎರಡೂ ಇರ್ಲಿ. ಒಂದೊಂದಾಗಿ ತೆಗೆದು ನೋಡೋಕೆ ಹೋಗಬೇಡಿ."

ಒಂದು ಮೆಟ್ಟಿಲು. ಎರಡು. ತಪಶೀಲು ಆಕೆಯ ಪಾದಗಳನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ಮೂರನೆಯದು ಇಳಿದು ಆಕೆಯ ಕಾಲು ನೆಲ ಮುಟ್ಟಿತು. ಅವರ ಕಣ್ಣು ತುಂಬಿತು. ಅದರಿಂದಾಗಿ, ಬದುಕಿನಲ್ಲಿ ಮೊದಲ ಸಲ ಮೊದಲಿದ್ದಂತೆ ಸುತ್ತಿಡದೆ ಬಿಟ್ಟಿದ್ದ ಕೇಬಲ್ ಅವರಿಗೆ ಕಾಣಲಿಲ್ಲ; ಹಿಂದಕ್ಕಿಟ್ಟ ಕಾಲು ಅದಕ್ಕೆ ಸಿಕ್ಕಿಕೊಂಡಿತು.

"ಕಂಬಿ ಹಿಡ್ಕೊಳ್ರೀ!" ಎಂದು ಕೂಗಿದರು ಟೈಲರಮ್ಮ, ಹೆಗಲ ಮೇಲಿನ ಕೈ ತೆಗೆದುಕೊಂಡು.

ತಪಶೀಲು ಅರ್ಧ ಸುತ್ತು ತಿರುಗಿ, ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದರು. ಎಂಬತ್ತೆರಡು ಕಿಲೋ ತೂಕ. ಕಂಬಳಿಹುಳುಗಳು ಕದಲಲಿಲ್ಲ. ಅವರ ಪಾದದ ಕೀಲು ಮಾತ್ರ ಲಟಕ್ ಎಂದಿತು.

"ಗಟ್ಟಿಯಿದೆ" ಎಂದರು ಟೈಲರಮ್ಮ. "ಬರ್ಕೊಳ್ಳಿ."

ಸೋಮವಾರ ಭಾವಮೈದ ಮಾತಿಗೆ ತಪ್ಪದೆ ಡಿಪೋದ ವೆಲ್ಡರ್‌ನನ್ನು ಕರೆದುಕೊಂಡು ಬಂದಾಗ, ಬ್ಯಾಂಡೇಜು ಸುತ್ತಿದ ಪಾದವನ್ನು ಎತ್ತಿಹಿಡಿದು, ಕಂಬಿಯನ್ನು ತಬ್ಬಿಕೊಂಡು, ತಪಶೀಲು ಹೆಂಡತಿಗೆ ಚಹಾ ಒಯ್ಯುತ್ತ ಎರಡನೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದರು. ಅರ್ಧ ಚಹಾ ತಟ್ಟೆಯಲ್ಲಿತ್ತು.

"ಏನು ಭಾವ, ಈಗ ತಪಸ್ಸು ನಿಮ್ಮದಾ?"

ತಪಶೀಲು ತಪಶೀಲು ಕೊಡಲಿಲ್ಲ. ಹಿತ್ತಲಿನ ತುದಿಯ ಕೋಣೆಯ ಕಡೆ ಗಲ್ಲ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದರು. ಅಲ್ಲಿ ಹೊಲಿಗೆ ಯಂತ್ರ ಒಂದೇ ಸಮನೆ, ಒಂದು ಸಲವೂ ಬಿಕ್ಕದೆ, ಓಡುತ್ತಿತ್ತು.